ಹಳದಿ ಏರೋಪ್ಲೇನಿನ ಗುರುತು

ನಮ್ಮ ಚನ್ನರಾಯಪಟ್ಟಣದ ಕಡೆ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟಕ್ಕೂ ಚಿಟ್ಟೆಗೂ ಯಾವ ನಂಟೂ ಇಲ್ಲ. ಹೆಸರು ನಿಂತುಬಿಟ್ಟಿದೆ, ಇರಲಿ. ನನ್ನ ತಕರಾರು ಬೇರೆ: ಹಳದಿಯಾಗಿ ಹಾರುವುದೆಲ್ಲ ಒಂದೇ ಜಾತಿ ಎಂದು ತಿಳಿಯುವುದು ನ್ಯಾಯವಲ್ಲ.

ಮುಂಗಾರು ಹಿಂದೆ ಸರಿಯುವ ದಿನಗಳಲ್ಲಿ ಹಾಸನದ ಬಯಲುಗಳ ಮೇಲೆ, ರಾಗಿ ಹೊಲಗಳ ಮೇಲೆ, ಗುಂಪುಗುಂಪಾಗಿ ದಣಿವಿಲ್ಲದೆ ಸುತ್ತುವುದು ಪ್ಯಾಂಟಾಲ ಫ್ಲಾವೆಸೆನ್ಸ್. ಅದು ಕೂರುವುದೇ ಅಪರೂಪ. ಕೂತರೆ ಕಡ್ಡಿಯಿಂದ ಹುಣಸೆಕಾಯಿಯಂತೆ ಜೋತುಬೀಳುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಜೊಂಡಿನ ಮೇಲೆ ಮೈ ಅಡ್ಡಲಾಗಿ ಚಾಚಿ ಕೂತು, ಎಬ್ಬಿಸಿದರೂ ಅದೇ ಜೊಂಡಿಗೆ ಮರಳುವ ಹಳದಿಯದು ಕ್ರೋಕೋಥೆಮಿಸ್ ಸರ್ವಿಲಿಯ. ಅದರ ಗಂಡು ಎಳೆಯದರಲ್ಲಿ ಮಾತ್ರ ಹಳದಿ. ಬಲಿತ ಮೇಲೆ ಹಣ್ಣು ಮೆಣಸಿನಕಾಯಿ. ಹೆಣ್ಣಿನ ಹಳದಿ ಮಾಸಿದರೂ ಕೆಂಪಿಗೆ ತಿರುಗುವುದಿಲ್ಲ.

ನಿಜವಾದ ಪೇಚಾಟ ಟ್ರೇಮಿಯ ಜಾತಿಯದು. ಗಾತ್ರ, ತೇಲುವ ಠೀವಿ, ಅಗಲವಾದ ಹಿಂದಿನ ರೆಕ್ಕೆ, ಎಲ್ಲವೂ ಪ್ಯಾಂಟಾಲದ್ದೇ. ಆದರೆ ಟ್ರೇಮಿಯದ ಹಿಂದಿನ ರೆಕ್ಕೆಯ ಬುಡದಲ್ಲಿ ಕಪ್ಪುಗೆಂಪು ಮಚ್ಚೆಯಿರುತ್ತದೆ. ಪ್ಯಾಂಟಾಲದ ರೆಕ್ಕೆ ಗಾಜಿನಂತೆ ತಿಳಿ. ಅರಕಲಗೂಡಿನ ಕೆರೆ ಏರಿಯ ಮೇಲೆ ಬಿಸಿಲಿಗೆ ಎದುರಾಗಿ ನಿಂತರೆ ಏನೂ ಕಾಣದು, ಬೆನ್ನು ಮಾಡಿ ನಿಲ್ಲಬೇಕು. ಫ್ರೇಸರ್ ಎಂಬ ಸೈನ್ಯದ ವೈದ್ಯ 1933ರಿಂದ 1936ರವರೆಗೆ ಭಾರತದ ಈ ಕೀಟಗಳ ಮೇಲೆ ಮೂರು ಸಂಪುಟ ಪ್ರಕಟಿಸಿದರು. ಅಂಥವರಿಗೂ ರೆಕ್ಕೆಯ ಗೆರೆಗಳೇ ಆಧಾರ.

ಇಷ್ಟೊಂದು ಗೋಜೇಕೆ ಎನ್ನುವಿರಾದರೆ, ಕೇಳಿ. ಅಕ್ಟೋಬರಿನ ಹೊತ್ತಿಗೆ ಮಾಲ್ಡೀವ್ಸ್ ದ್ವೀಪಗಳಲ್ಲಿ ಲಕ್ಷಗಟ್ಟಲೆ ಪ್ಯಾಂಟಾಲಗಳು ಇಳಿಯುತ್ತವೆ. ಅಲ್ಲಿ ಮೊಟ್ಟೆಯಿಡಲು ಸಿಹಿನೀರಿನ ಕೆರೆಕುಂಟೆಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಭಾರತದಿಂದ ಹೊರಟು, ಎತ್ತರದ ಗಾಳಿಯ ಬೆನ್ನೇರಿ, ಪೂರ್ವ ಆಫ್ರಿಕಕ್ಕೆ ಸಾಗುತ್ತವೆಂದು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಾದಿಸಿದರು. ಮಳೆನೀರಿನ ಹೊಂಡದಲ್ಲಿ ಒಂದೆರಡು ತಿಂಗಳಲ್ಲೇ ಬೆಳೆದು ರೆಕ್ಕೆ ಪಡೆಯುವ ಜೀವಕ್ಕೆ ಕಡಲು ದಾಟುವ ಧೈರ್ಯ!

ಇದನ್ನು ಓದಿದ ಮರುದಿನವೇ ನನ್ನ ತಮ್ಮ ಒಂದನ್ನು ಹಿಡಿದು ಬಾಲಕ್ಕೆ ದಾರ ಕಟ್ಟಿದ್ದ. ರೆಕ್ಕೆಯ ಬುಡ ನೋಡಿದೆ, ಮಚ್ಚೆಯಿರಲಿಲ್ಲ. ಆಫ್ರಿಕದ ಕತೆ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ದಾರ ಬಿಚ್ಚಿದ. ಅದು ತೆಂಗಿನ ಗರಿ ದಾಟಿ ಹೋಯಿತು.

“ಅಕ್ಕಾ, ಜೊಂಡಿನ ಮೇಲೆ ಕೂರೋದು ಎಲ್ಲೂ ಹೋಗಲ್ವಲ್ಲ, ಅದಕ್ಕೆ ಕಟ್ಟಬಹುದಾ?” ಎಂದ.

ದಾರವನ್ನು ಅವನ ಕೈಯಿಂದ ತೆಗೆದುಕೊಂಡೆ.