ಹೆಸರು ಇಟಲಿಯದು, ಅಳತೆ ಕಾಲಿನದು

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಅಲ್ಲಿನ ಜಾನುವಾರು ಸಂತೆಯಲ್ಲಿ ಖಿಲಾರಿ ಹೋರಿಯ ಮುಂದೆ ನಿಂತ ರೈತನನ್ನು ನೋಡಬೇಕು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಮೈಮೇಲೆ ಸುಳಿ ಹುಡುಕುತ್ತಾನೆ. ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲಷ್ಟೇ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ಬೆಲೆಯ ಮಾತು. ಆದರೆ ಇದೇ ರೈತ ಮಗನಿಗೆ ರೇಸಿನ ಸೈಕಲ್ ಕೊಡಿಸಲು ಹೊರಟರೆ, ಬಣ್ಣ ನೋಡುತ್ತಾನೆ, ಹೆಸರು ಕೇಳುತ್ತಾನೆ, ರೊಕ್ಕ ಎಣಿಸುತ್ತಾನೆ. ಸೈಕಲ್ಲಿಗೂ ಹಲ್ಲು, ಸುಳಿ, ಗೊರಸು ಇರುತ್ತವೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಈ ಸೀಮೆಗೆ ಸೈಕಲ್ ರೇಸ್ ಹೊಸತಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ ಜಿಲ್ಲೆಗಳೆಂದರೆ ಕರ್ನಾಟಕದ ಸೈಕ್ಲಿಂಗಿಗೆ ಕಣಜವಿದ್ದಂತೆ. ವಿಜಯಪುರದಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾ ಹಾಸ್ಟೆಲ್ ಇದೆ. ಹೊಲದ ವಸ್ತಿಗಳಿಂದ, ತಾಂಡಾಗಳಿಂದ ಬಂದ ಹುಡುಗ ಹುಡುಗಿಯರು ಎದುರುಗಾಳಿಗೆ ತಲೆ ತಗ್ಗಿಸಿ ಪೆಡಲ್ ತುಳಿಯುವುದು ಇಲ್ಲಿ ದಿನನಿತ್ಯದ ನೋಟ. ಆದರೆ ಹೊಸ ಕಾರ್ಬನ್ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿ. ಒಣಬೇಸಾಯದ ಮನೆಗೆ ಅದು ಒಂದು ಜೋಡಿ ಎತ್ತಿನ ಮಾತು. ಹಾಗಾಗಿ ಶಾಲೆಯ ಪಠ್ಯಪುಸ್ತಕ ಅಣ್ಣನಿಂದ ತಮ್ಮನಿಗೆ ಬರುವಂತೆ, ರೇಸಿನ ಸೈಕಲ್ ಹಿರಿಯ ಸವಾರನಿಂದ ಕಿರಿಯನಿಗೆ ಬರುತ್ತದೆ.

ಹೀಗೆ ಕೈ ಬದಲಾಗುವ ಸೈಕಲ್ಲುಗಳ ನಡುವೆ ಹಳೆಯ ಇಟಲಿಯ ಸೈಕಲ್ಲೊಂದು ಬಂದರೆ ಅದರ ಗತ್ತೇ ಬೇರೆ. 1885ರಲ್ಲಿ ಮಿಲಾನಿನಲ್ಲಿ ಎಡೊವಾರ್ಡೊ ಬಿಯಾಂಕಿ ಆರಂಭಿಸಿದ ಅಂಗಡಿಯ ಹೆಸರು ಇಂದಿಗೂ ಸೈಕಲ್ಲಿನ ಮೇಲಿದೆ. ಫೌಸ್ಟೊ ಕೊಪ್ಪಿ 1949 ಮತ್ತು 1952ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಬಿಯಾಂಕಿಯ ಮೇಲೆ. 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಎಡಿ ಮರ್ಕ್ಸ್ ಒಂದೇ ಗಂಟೆಯಲ್ಲಿ 49.431 ಕಿಲೋಮೀಟರ್ ಓಡಿಸಿ ದಾಖಲೆ ಬರೆದ. ಆ ಸೈಕಲ್ ಕಟ್ಟಿದಾತ ಅರ್ನೆಸ್ಟೊ ಕೊಲ್ನಾಗೊ. ತೂಕ ಆರು ಕಿಲೋ ಸಹ ಇರಲಿಲ್ಲ. ಇನ್ನು ಚಳಿಗೆ ಮರಗಟ್ಟಿದ ಬೆರಳಿನಿಂದ ಹಿಂಬದಿ ಚಕ್ರದ ನಟ್ ಬಿಚ್ಚಲಾಗದೆ ರೇಸ್ ಸೋತ ಟುಲಿಯೊ ಕಂಪನ್ಯೋಲೊನ ಕಥೆಯನ್ನು ಸೈಕಲ್ ಬಲ್ಲವರೆಲ್ಲ ಹೇಳುತ್ತಾರೆ. ಸೋಲನ್ನು ಹಾಗೇ ಬಿಡದೆ, ಒಂದು ಸಣ್ಣ ಹಿಡಿಕೆ ತಿರುಗಿಸಿದರೆ ಚಕ್ರ ಕಳಚುವ ಉಪಾಯ ಕಂಡುಹಿಡಿದ ಆತ 1933ರಲ್ಲಿ ವಿಚೆಂಜಾದಲ್ಲಿ ತನ್ನ ಉದ್ಯಮ ಆರಂಭಿಸಿದ. ಇಂದು ಜಗತ್ತಿನ ಅಸಂಖ್ಯ ಸೈಕಲ್ಲುಗಳಲ್ಲಿ ಆ ಹಿಡಿಕೆಯಿದೆ.

ಅಂಥದೊಂದು ಉಕ್ಕಿನ ಸೈಕಲ್ ದೇವರ ಹಿಪ್ಪರಗಿಯ ಹತ್ತಿರದ ಹಳ್ಳಿಯೊಬ್ಬನ ಬಳಿ ಇತ್ತು. ಅವನೂ ಅದನ್ನು ಹಿರಿಯ ಸವಾರನೊಬ್ಬನಿಂದ ಕೊಂಡವನೇ. ಸಿಂದಗಿ–ವಿಜಯಪುರ ರಸ್ತೆಯಲ್ಲಿ ವರ್ಷಗಟ್ಟಲೆ ಅದರ ಮೇಲೆ ಅಭ್ಯಾಸ ಮಾಡಿದ. ಕೆಲಸ ಸಿಕ್ಕಿತು, ಮೊಣಕಾಲು ನೋವು ಹಿಡಿಯಿತು, ಸೈಕಲ್ ಗೋಡೆಗೆ ಒರಗಿತು. ಈಗ ತಂಗಿಯ ಕಾಲೇಜು ಫೀಸು ಕಟ್ಟಬೇಕಿತ್ತು. ಮಾರುತ್ತೇನೆಂದು ಸವಾರರ ಬಳಗದಲ್ಲಿ ಒಂದು ಮಾತು ಹಾಕಿದ. ವಾರದೊಳಗೆ ಇಬ್ಬರು ಬಂದರು.

ಮೊದಲು ಬಂದದ್ದು ಹದಿನಾಲ್ಕರ ಹುಡುಗ ಮತ್ತು ಅವನ ತಂದೆ. ಹುಡುಗ ಸೈಕಲ್ಲಿನ ಕಡೆ ದೇವರ ಮೂರ್ತಿ ನೋಡಿದಂತೆ ನೋಡಿದ. ಫ್ರೇಮಿನ ಮೇಲಿನ ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದ.

“ತಮ್ಮಾ, ರೊಕ್ಕದ ಚಿಂತಿ ಮಾಡಬ್ಯಾಡ. ತೊಗರಿ ಮಾರಿದ್ದೈತಿ. ಹುಡುಗ ಇದೇ ಬೇಕಂತಾನ” ಎಂದರು ತಂದೆ.

ಅವನಿಗೂ ಆಸೆಯಾಯಿತು. ತನ್ನ ಸೈಕಲ್ ಮತ್ತೆ ಅದೇ ರಸ್ತೆಯಲ್ಲಿ ಓಡುವುದನ್ನು ನೋಡುವ ಆಸೆ ಯಾವ ಸವಾರನಿಗಿಲ್ಲ? ಆದರೆ ಹುಡುಗನನ್ನು ಸೈಕಲ್ಲಿನ ಬಾರಿನ ಎರಡೂ ಕಡೆ ಕಾಲಿಟ್ಟು ನಿಲ್ಲಲು ಹೇಳಿದ. ನೆಲಕ್ಕೆ ಪಾದ ಪೂರ್ತಿ ಊರಿ ನಿಂತಾಗ ಬಾರಿಗೂ ಮೈಗೂ ನಡುವೆ ಎರಡು ಬೆರಳಾದರೂ ಸಂದು ಇರಬೇಕು. ಹುಡುಗ ತುದಿಗಾಲಲ್ಲಿ ನಿಂತಿದ್ದ. ಆ ಫ್ರೇಮ್ 57 ಸೆಂಟಿಮೀಟರಿನದು. ಹುಡುಗನಿಗೆ ಬೇಕಾದದ್ದು 51 ಅಥವಾ 52.

“ಅಣ್ಣಾ, ಸೀಟ್ ಕೆಳಗ ಇಳಿಸಿದ್ರ ಆಗಂಗಿಲ್ಲೇನ್ರಿ?”

“ಸೀಟ್ ಇಳಿತೈತಿ ತಮ್ಮಾ, ಬಾರ್ ಇಳಿಯಂಗಿಲ್ಲ. ಹ್ಯಾಂಡಲ್ಲಿಗೆ ಕೈ ಚಾಚಿ ಚಾಚಿ ಬೆನ್ನು ಹೋಗ್ತೈತಿ. ಕಾಕಾ, ಕೊಡಾಕ ನನಗೇನ ತ್ರಾಸಿಲ್ರಿ. ಆದ್ರ ದೊಡ್ಡವ್ರ ಚಪ್ಪಲಿ ಹಾಕ್ಕೊಂಡು ಓಡಿದಂಗ ಆಗ್ತೈತಿ.”

ಉಳಿದದ್ದನ್ನೂ ಬಿಡಿಸಿ ಹೇಳಿದ. ಈ ಸೈಕಲ್ಲಿನಲ್ಲಿ ಹಿಂಬದಿ ಚಕ್ರ ಕೂರುವ ಜಾಗ 126 ಮಿಲಿಮೀಟರ್. ಮುಂದಿನ ಕಾಲದ ಚಕ್ರಗಳಿಗೆ 130 ಬೇಕು. ಚಕ್ರ ಹಾಳಾದರೆ ಜೋಡಿ ಸಿಗುವುದು ಕಷ್ಟ. ಗೇರಿನ ಹಿಡಿಕೆ ಹ್ಯಾಂಡಲಿನಲ್ಲಿಲ್ಲ, ಕೆಳಗಿನ ಕೊಳವೆಯ ಮೇಲಿದೆ; ಗುಂಪಿನಲ್ಲಿ ವೇಗವಾಗಿ ಹೋಗುವಾಗ ಕೈ ಬಿಟ್ಟು ಗೇರ್ ಬದಲಿಸಬೇಕು. ಪೆಡಲಿನ ಅಚ್ಚು ಕೂರುವ ಗೂಡಿನ ಮರೆ ಇಟಲಿಯ ಲೆಕ್ಕದ್ದು: ಎರಡೂ ಬದಿಗೆ ಬಲಗಡೆಯ ಮರೆ. ಬೇರೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಬದಿಯದು ಎಡಮರೆ. ಗೊತ್ತಿಲ್ಲದ ಮೆಕ್ಯಾನಿಕ್ ಅದೇ ರೂಢಿಯಲ್ಲಿ ಪಾನಾ ಹಾಕಿ ಬಲವಂತ ಮಾಡಿದರೆ ಮರೆ ಕಿತ್ತು ಫ್ರೇಮೇ ಹೋದೀತು.

ಹುಡುಗನ ಕಣ್ಣು ತುಂಬಿತು. ತಂದೆ ಎದ್ದು ನಿಂತರು. ಇವನು ರೊಕ್ಕ ಹೆಚ್ಚಿಸಲು ಆಟ ಆಡುತ್ತಿದ್ದಾನೆಂಬ ಅನುಮಾನ ಅವರಿಗೆ. “ಮುಂದಿನ ಐತವಾರ ಬರ್ರಿ, ಇವನ ಅಳತಿದು ಹುಡುಕಿ ಇಟ್ಟಿರ್ತೀನಿ” ಎಂದರೂ ಅವರು ಮಾತಾಡದೆ ಹೋದರು.

ಎರಡನೆಯವರು ಬೆಂಗಳೂರಿನಿಂದ ಬಂದ, ಹಳೆಯ ಸೈಕಲ್ ಸಂಗ್ರಹಿಸುವ ಹವ್ಯಾಸಿ. ಅವರು ಬೆಲೆ ಕೇಳುವ ಮೊದಲು ಸೈಕಲ್ಲನ್ನು ತಲೆಕೆಳಗು ಮಾಡಿದರು. ಫ್ರೇಮಿನ ಅಡಿಯ ನಂಬರು ಬರೆದುಕೊಂಡರು. ಕೊಳವೆ ಕೂಡುವ ಮೂಲೆಗಳಲ್ಲಿ ಟಾರ್ಚ್ ಬಿಟ್ಟರು. ಸ್ಕೇಲ್ ಇಟ್ಟು ಚೈನ್ ಅಳೆದರು. ಹನ್ನೆರಡು ಜೋಡಿ ಕೊಂಡಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಎಂಟನೆಯ ಒಂದು ಭಾಗ ಹೆಚ್ಚಿದ್ದರೂ ಹಲ್ಲುಚಕ್ರ ಸವೆದಿದೆಯೆಂದೇ ಅರ್ಥ. ಥೇಟ್ ಜಾತ್ರೆಯಲ್ಲಿ ಎತ್ತು ನೋಡುವ ರೈತ.

ಅವರ ಕಣ್ಣಿಗೆ ಒಂದು ಮಾತ್ರ ಬೀಳಲಿಲ್ಲ. ಹಿಂಬದಿ ಚಕ್ರ ಹಿಡಿಯುವ ತುದಿಯಲ್ಲಿ ಹಿಂದೊಮ್ಮೆ ಬಿರುಕು ಬಿಟ್ಟು, ಬೆಸೆಸಿ, ಮೇಲೆ ಬಣ್ಣ ಬಳಿಸಲಾಗಿತ್ತು. ಬೆಸುಗೆ ನಯವಾಗಿತ್ತು, ಹೇಳದಿದ್ದರೆ ತಿಳಿಯುತ್ತಿರಲಿಲ್ಲ. ಹೇಳಿದರೆ ಬೆಲೆ ಇಳಿಯುತ್ತಿತ್ತು, ಫೀಸಿನ ಕೊನೆಯ ದಿನ ಹತ್ತಿರವಿತ್ತು. ಆದರೆ ಮಡಿವಾಳ ಮಾಚಯ್ಯ ಹುಟ್ಟಿದ ಸೀಮೆಯಲ್ಲಿ ಕಲೆಯನ್ನು ಒಳಗೆ ಮಡಚಿ ಬಟ್ಟೆ ಕೊಡುವುದು ಹೇಗೆ? ಬೆರಳಿಟ್ಟು ತೋರಿಸಿದ. ಜೊತೆಗೆ ಒಂದು ಹಳೆಯ ನೋಟುಬುಕ್ ಕೊಟ್ಟ. ಅದರಲ್ಲಿ ಸೈಕಲ್ ಯಾರಿಂದ ಬಂತು, ಯಾವ ಭಾಗ ಮೂಲದ್ದು, ಯಾವುದು ಬದಲಾಯಿಸಿದ್ದು ಎಲ್ಲ ಬರೆದಿತ್ತು.

ಹವ್ಯಾಸಿ ಬೆಲೆ ಇಳಿಸಿದರು. ಇಳಿಸದಿರಲು ಅವರೇನೂ ದಾನಕ್ಕೆ ಬಂದವರಲ್ಲ. ಆದರೆ ನೋಟುಬುಕ್ಕನ್ನು ಎದೆಯ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡರು. ಬಲ್ಲವರಿಗೆ ಮಾರುವುದರಲ್ಲಿ ಇರುವ ಕಷ್ಟವೂ ಇದೇ, ಸುಖವೂ ಇದೇ. ಪೊಳ್ಳು ಹೊಗಳಿಕೆ ಅಲ್ಲಿ ನಡೆಯುವುದಿಲ್ಲ. ಆದರೆ ವಸ್ತುವಿನ ಹಿಂದೆ ಪಟ್ಟ ಶ್ರಮವನ್ನು ವಿವರಿಸಬೇಕಾಗಿಯೂ ಇರುವುದಿಲ್ಲ. ಬಂದ ರೊಕ್ಕ ತಂಗಿಯ ಫೀಸಿಗೆ ಸಾಕಾಯಿತು. ಉಳಿಯಿತೆನ್ನುವಂತಿರಲಿಲ್ಲ.

ಐತವಾರ ಆ ತಂದೆ ಬರಲಾರರು ಎಂದುಕೊಂಡಿದ್ದ. ಬಂದರು. ಕಾದಿದ್ದದ್ದು ಒಂದು ಬಳಸಿದ ಅಲ್ಯೂಮಿನಿಯಂ ಸೈಕಲ್, ಇಟಲಿಯದಕ್ಕೆ ಕೇಳಿದ್ದರಲ್ಲಿ ಅರ್ಧ ಬೆಲೆಗೆ. ಈ ಸಲ ತಂದೆಯೇ ಬಗ್ಗಿ ಚೈನಿಗೆ ಸ್ಕೇಲ್ ಹಿಡಿಸಿದರು, ಚಕ್ರ ತಿರುಗಿಸಿ ಓರೆ ನೋಡಿದರು, ಬಿರುಕಿಗಾಗಿ ಮೂಲೆ ಮೂಲೆ ತಡವಿದರು. ಮಗನನ್ನು ನಿಲ್ಲಿಸಿ ಎರಡು ಬೆರಳಿನ ಸಂದು ನೋಡಿದರು. ವ್ಯಾಪಾರ ಮುಗಿಯಿತು.

ಆ ಸೈಕಲ್ಲಿನ ಫ್ರೇಮಿನ ಮೇಲೆ ಹೆಸರು ಅಳಿಸಿಹೋಗಿದೆ. ಊರಿನಲ್ಲಿ ಯಾರಾದರೂ “ಯಾವ ಕಂಪನಿದ್ರಿ?” ಎಂದು ಕೇಳಿದರೆ ಹುಡುಗ ಇನ್ನೂ ಸ್ವಲ್ಪ ನಾಚುತ್ತಾನೆ. ಉತ್ತರ ಕೊಡುವವರು ತಂದೆ: “ನಮ್ಮ ಹುಡುಗನ ಅಳತಿದು.”