ಮೋರಿಯ ಸಾಕ್ಷಿ

ಸುಮಾರು 30 ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಪರೀಕ್ಷೆಗೆ ಕುಳಿತವರೇ ದುಡ್ಡು ಕೊಟ್ಟು ಇನ್ನೊಬ್ಬರಿಂದ ಉತ್ತರ ಬರೆಸುವ ಪರೀಕ್ಷೆಯೂ ಒಂದಿದೆ, ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ ಎಂದು ನನಗೆ ತಿಳಿದದ್ದು ಅಕ್ಕನ ಮಗಳಿಂದ.

ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಬೆಂಗಳೂರಿನ ಸಂಸ್ಥೆಯೊಂದರಲ್ಲಿರುವ ಅವಳು ಹೋದ ಮಾರ್ಚ್‌ನಲ್ಲಿ ಒಂದು ವಾರ ನಮ್ಮ ಮನೆಯಲ್ಲಿದ್ದಳು. ನಮ್ಮೂರಿನ ಹೊರಗೆ 130 ಎಕರೆಯಲ್ಲಿ ಹೊಸ ಬಡಾವಣೆ ಬರುವುದಿತ್ತು. 2006ರ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ 50 ಹೆಕ್ಟೇರ್, ಎಂದರೆ ಸುಮಾರು 123 ಎಕರೆ ಮತ್ತು ಅದಕ್ಕೂ ದೊಡ್ಡ ಬಡಾವಣೆಯಿಂದ ಪರಿಸರಕ್ಕೆ ಏನಾಗುತ್ತದೆಂದು ವರದಿ ಕೊಡಬೇಕು. ಬಡಾವಣೆ ಮಾಡುವವರೇ ಸಲಹಾ ಸಂಸ್ಥೆಗೆ ಹಣ ಕೊಟ್ಟು ಅದನ್ನು ಬರೆಸುತ್ತಾರೆ. ರಾಜ್ಯ ಮಟ್ಟದ ತಜ್ಞರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಗಣಿಗಳ ವಿಷಯದಲ್ಲಿ ಮಾಡುವಂತೆ ಊರವರನ್ನು ಸೇರಿಸಿ ಅಹವಾಲು ಕೇಳುವ ಕ್ರಮ ಬಡಾವಣೆಗಳಿಗೆ ಇಲ್ಲ.

ನಮ್ಮ ತಾರಸಿಯ ಮೇಲೆ ಧೂಳು ಅಳೆಯುವ ಯಂತ್ರ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಹಪ್ಪಳ ಒಣಗಿಸಲು ಜಾಗವಿಲ್ಲ. ಅಡುಗೆಮನೆಯಲ್ಲಿ ರಾಗಿಹಿಟ್ಟಿನ ಡಬ್ಬಿಯ ಪಕ್ಕ ಮಣ್ಣಿನ ಪೊಟ್ಟಣಗಳು, ಬೋರ್‌ವೆಲ್ ನೀರಿನ ಬಾಟಲಿಗಳು.

ಒಂದು ರಾತ್ರಿ ಅವಳು ಬರೆದಿಟ್ಟ ಹಾಳೆಯ ಮೇಲೆ ಕಣ್ಣಾಡಿಸಿದೆ. ‘ಜಾಗದೊಳಗೆ ಹರಿಯುವ ನೀರು: ಇಲ್ಲ.’

ಇದೆ ಎಂದು ನನಗೆ ಗೊತ್ತಿತ್ತು. ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಅಲ್ಲಿಂದಲೇ ಕೆರೆಗೆ ಇಳಿಯುತ್ತದೆ. ಆದರೂ ನಾನು ಬಾಯಿ ಬಿಡಲಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಅದೇ ಬಡಾವಣೆಯಲ್ಲಿ ನಮ್ಮ ಮನೆಯವರು ಮೂವತ್ತು ನಲವತ್ತರ ಸೈಟೊಂದಕ್ಕೆ ಮುಂಗಡ ಕೊಟ್ಟಿದ್ದರು. ನನ್ನ ನಿವೃತ್ತಿಯ ಹಣವೂ ಅದಕ್ಕೇ ಎಂದು ಮಾತಾಗಿತ್ತು. ಹಳ್ಳದ ಸುದ್ದಿ ಎತ್ತಿದರೆ ನಮ್ಮ ಸೈಟಿಗೇ ಕುತ್ತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಕಾಫಿ ಕುಡಿದವಳೇ, “ಬಾರೇ, ಒಂದು ಸುತ್ತು ಹೋಗಿಬರೋಣ” ಎಂದು ಅವಳನ್ನು ಕರೆದುಕೊಂಡು ಹೊರಟೆ.

“ನಾನು ಪೂರ್ತಿ ಓಡಾಡಿದ್ದೀನಿ ಚಿಕ್ಕಮ್ಮ. ಬರೀ ಜಾಲಿಮುಳ್ಳು, ಒಣಗುಂಡಿ. ಒಂದು ಹನಿ ನೀರಿಲ್ಲ.”

“ಮಾರ್ಚಿನಲ್ಲಿ ಎಲ್ಲಿಂದ ಬರಬೇಕು? ಮಳೆಗಾಲದಲ್ಲೇಕೆ ನೀನು ಬರಲಿಲ್ಲ?”

“ಮಳೆಗಾಲ ಬಿಟ್ಟು ಬೇರೆ ಒಂದು ಋತುವಿನ ಅಳತೆ ಸಾಕು. ನಿಯಮವೇ ಹಾಗಿದೆ.”

ರಸ್ತೆಯಲ್ಲಿದ್ದ ಎರಡು ಕಣ್ಣಿನ ಹಳೆಯ ಕಲ್ಲಿನ ಮೋರಿ ತೋರಿಸಿದೆ. “ನೀರೇ ಹರಿಯದಿದ್ದರೆ ಹಿರಿಯರು ಇದನ್ನು ಯಾಕೆ ಕಟ್ಟಿಸಿದರು?” ಜಾಲಿಯ ಕೊಂಬೆಗಳಲ್ಲಿ ನನ್ನ ಎದೆಯೆತ್ತರಕ್ಕೆ ಒಣಹುಲ್ಲು, ಹರಿದ ಚೀಲ ಸಿಕ್ಕಿಕೊಂಡಿದ್ದವು. ನೀರು ಅಷ್ಟೆತ್ತರ ಬಂದು ಹೋದ ಗುರುತು. ಅವಳು ಚೀಲದಿಂದ ಸರ್ವೆ ನಕ್ಷೆ ತೆಗೆದು ಹರಡಿದಳು. ಅಲ್ಲಿ ಕೂದಲೆಳೆಯಂಥ ನೀಲಿ ಗೆರೆಯೊಂದು ಇದ್ದೇ ಇತ್ತು.

ಅವಳ ಮುಖ ಸಣ್ಣದಾಯಿತು. “ಇದನ್ನು ಸೇರಿಸಿದರೆ ನಮ್ಮ ಸಾಹೇಬರು ಏನನ್ನುತ್ತಾರೋ.”

“ತಪ್ಪು ಉತ್ತರಕ್ಕೆ ಅಂಕ ಕೊಟ್ಟರೆ ಹುಡುಗ ಮುಂದಿನ ತರಗತಿಯಲ್ಲಿ ಮುಗ್ಗರಿಸುತ್ತಾನೆ. ಇಲ್ಲಿ ಹಾಗೆ ಮಾಡಿದರೆ ನೀರು ಜನರ ಮನೆಗೆ ನುಗ್ಗುತ್ತದೆ” ಎಂದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿರಿವಂತ ಬಡಾವಣೆಗಳ ಜನ ಟ್ರ್ಯಾಕ್ಟರ್ ಏರಿ ಹೊರಬಂದದ್ದನ್ನು ಅವಳೇ ಕಣ್ಣಾರೆ ಕಂಡವಳು. ರಾಜಕಾಲುವೆಗಳನ್ನು ಮುಚ್ಚಿದ್ದರ ಫಲ ಅದು.

ಆಮೇಲೆ ನನ್ನ ಸೈಟಿನ ವಿಷಯವನ್ನೂ ಹೇಳಿಬಿಟ್ಟೆ. ಅವಳು ಏನೂ ಅನ್ನಲಿಲ್ಲ. ಮೋರಿಯ ಫೋಟೋ ತೆಗೆದುಕೊಂಡಳು.

ಹಳ್ಳ ವರದಿಯೊಳಗೆ ಸೇರಿತು, ಸಾಹೇಬರ ಗೊಣಗಾಟದ ನಡುವೆಯೇ. ಸಮಿತಿಯ ತೀರ್ಮಾನ ಇನ್ನೂ ಬಂದಿಲ್ಲ. ನಮ್ಮ ಮನೆಯವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ತಾವೇ ಹೋಗಿ ಮುಂಗಡ ವಾಪಸು ಕೇಳಿದರು. ಹತ್ತು ಸಾವಿರ ಮುರಿದುಕೊಂಡು ಉಳಿದದ್ದನ್ನು ಕೊಟ್ಟರು. ಮಗಳ ಮದುವೆಯ ವೇಳೆಗೆ ಸ್ವಂತ ಮನೆ ಎಂಬ ನಮ್ಮ ಆಸೆ ಮತ್ತೆ ಮುಂದಕ್ಕೆ ಹೋಯಿತು.

ಆಗಸ್ಟಿನಲ್ಲಿ ಮಳೆ ಹಿಡಿದಾಗ ಏಳನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ಎರಡು ಕಣ್ಣುಗಳಲ್ಲೂ ಕೆಂಪು ನೀರು ಭೋರ್ಗರೆಯುತ್ತಿತ್ತು. ಅಕ್ಕನ ಮಗಳಿಗೆ ಫೋನ್ ಮಾಡಿ, ಮಾತಾಡದೆ ಫೋನನ್ನು ಮೋರಿಯ ಕಡೆ ಹಿಡಿದೆ. “ಕೇಳಿಸ್ತು ಚಿಕ್ಕಮ್ಮ” ಎಂದಳು.

ನೀವೂ ಸೈಟು ನೋಡಲು ಹೊರಟಿದ್ದರೆ ಬೇಸಿಗೆಯಲ್ಲಿ ಹೋಗಬೇಡಿ, ಶ್ರಾವಣದಲ್ಲಿ ಹೋಗಿ. ಹತ್ತಿರದ ರಸ್ತೆಯಲ್ಲಿ ಮೋರಿ ಎಲ್ಲಿದೆ ಎಂದು ಮೊದಲು ನೋಡಿ.