ವಿದ್ಯುಚ್ಛಕ್ತಿಯ ಹಳೆಯ ಉಪಕರಣಗಳು

ಚಿತ್ರದುರ್ಗದ ಕೋಟೆಯನ್ನು ನೋಡಿದವರಿಗೆ ಅಲ್ಲಿನ ಎಣ್ಣೆಕೊಳವೂ ದೀಪಸ್ತಂಭಗಳೂ ಪರಿಚಿತವಾದುವೇ ಸರಿ. ಎಣ್ಣೆ, ಬತ್ತಿ, ಹಚ್ಚುವ ಕೈ, ಈ ಮೂರೂ ಕೂಡಿದಲ್ಲದೆ ದೀಪವಿಲ್ಲವೆಂಬುದು ಹಿರಿಯರ ಅನುಭವವಾಗಿದ್ದಿತು. ಎಣ್ಣೆಯೂ ಬತ್ತಿಯೂ ಇಲ್ಲದ ದೀಪವು ಈ ನಾಡಿಗೆ ಬಂದ ಬಗೆಯನ್ನೂ, ಅದನ್ನು ಹೊತ್ತು ತಂದ ಉಪಕರಣಗಳನ್ನೂ ಅರಿತ ತರುಣರು ವಿರಳ.

1902ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು 92 ಮೈಲಿಗಳ ದೂರವನ್ನು ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಯೋಜನೆಯನ್ನು ಮುಂದಕ್ಕೆ ತಂದ ಇಂಜಿನಿಯರು ಜೋಲಿ ಡಿ ಲಾಟ್‌ಬಿನಿಯೇರ್ ಅವರು. ಅದಕ್ಕೆ ಬೆನ್ನೆಲುಬಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್ ಅವರು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯವು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು. ಹಿರಿಯೂರಿನ ಸಮೀಪದ ಮಾರಿಕಣಿವೆಯ ಅಣೆಕಟ್ಟೂ ಅದೇ ದಿವಾನರ ಕಾಲದಲ್ಲಿ ಕೈಗೊಂಡ ಕಾರ್ಯವೇ. ಅದು 1907ರಲ್ಲಿ ಪೂರ್ಣವಾಯಿತು. ದಿವಾನರಾದರೋ 1901ರಲ್ಲಿಯೇ ಕಾಲವಶರಾದರು. ಕೋಲಾರದ ದೀಪವನ್ನೂ ವೇದಾವತಿಯ ಜಲರಾಶಿಯನ್ನೂ ಅವರು ಕಾಣಲಿಲ್ಲ.

ಅಷ್ಟು ದೂರಕ್ಕೆ ಶಕ್ತಿಯನ್ನು ಒಯ್ಯುವುದು ಹೇಗೆಂಬುದೇ ಆಗಿನ ದೊಡ್ಡ ಪ್ರಶ್ನೆ. ತಂತಿಯಲ್ಲಿ ಹರಿಯುವ ಪ್ರವಾಹವು ಹೆಚ್ಚಿದಷ್ಟೂ ತಂತಿಯು ಕಾಯುವುದು, ಶಕ್ತಿಯು ವ್ಯರ್ಥವಾಗುವುದು. ಒತ್ತಡವನ್ನು ಹತ್ತರಷ್ಟು ಏರಿಸಿದರೆ ಅದೇ ಶಕ್ತಿಗೆ ಹತ್ತರಲ್ಲೊಂದು ಪಾಲು ಪ್ರವಾಹವು ಸಾಕು. ನಷ್ಟವು ನೂರರಲ್ಲೊಂದು ಪಾಲಿಗೆ ಇಳಿಯುವುದು. ಒತ್ತಡವನ್ನು ಏರಿಸಿ ಇಳಿಸುವ ಕೆಲಸವು ಟ್ರಾನ್ಸ್‌ಫಾರ್ಮರಿನದು. ಕಬ್ಬಿಣದ ಮೇಲೆ ಸುತ್ತಿದ ಎರಡು ತಾಮ್ರದ ಸುರುಳಿಗಳು, ಅವು ಮುಳುಗುವಷ್ಟು ಎಣ್ಣೆ. ತಿರುಗುವ ಭಾಗವೊಂದೂ ಇಲ್ಲ. ಈ ಎಣ್ಣೆಯು ಉರಿಯುವುದಕ್ಕಲ್ಲ. ಸುರುಳಿಗಳನ್ನು ತಂಪಾಗಿಡುವುದಕ್ಕೂ, ವಿದ್ಯುತ್ತು ಕಿಡಿಯಾಗಿ ಹಾರದಂತೆ ತಡೆಯುವುದಕ್ಕೂ.

ಕಂಬದ ತುದಿಯಲ್ಲಿರುವ ಪಿಂಗಾಣಿಯ ಬಟ್ಟಲನ್ನು ಕಂಡವರೆಲ್ಲರೂ ಅದರ ಆಕಾರವನ್ನು ಕುರಿತು ಯೋಚಿಸಿರಲಾರರು. ಒಂದರ ಕೆಳಗೊಂದು ಕೊಡೆಗಳನ್ನು ಕವಿಚಿದಂತಿರುವ ಆ ಅಂಚುಗಳು ಅಲಂಕಾರಕ್ಕಾಗಿ ಆದುವಲ್ಲ. ಮಳೆಯಲ್ಲಿ ಮೇಲ್ಭಾಗವು ತೊಯ್ದರೂ ಅಡಿಭಾಗವು ಒಣಗಿಯೇ ಉಳಿಯುವುದರಿಂದ, ತಂತಿಯ ವಿದ್ಯುತ್ತಿಗೆ ಕಂಬಕ್ಕಿಳಿಯಲು ದಾರಿಯು ಸಿಕ್ಕದು. ಪಿಂಗಾಣಿಯ ಹಿಡಿಯುಳ್ಳ ಫ್ಯೂಸು, ಮರದ ಪಟ್ಟಿಯೊಳಗೆ ಅಡಗಿಸಿದ ತಂತಿ, ಅಲ್ಯೂಮಿನಿಯಂ ಬಿಲ್ಲೆಯು ಮೆಲ್ಲನೆ ತಿರುಗುವ ಮೀಟರು, ಇವುಗಳಲ್ಲಿಯೂ ಇಂಥದೇ ವಿವೇಚನೆಯಿದೆ.

ಆದರೆ ಉಪಕರಣವು ಬಂದ ಮಾತ್ರಕ್ಕೆ ಬೆಳಕು ಎಲ್ಲರದೂ ಆಗಲಿಲ್ಲ. ಮೊದಲು ಗಣಿಗಳು, ಬೆಂಗಳೂರಿನ ಬೀದಿಗಳಿಗೆ 1905ರ ಆಗಸ್ಟ್ 5ರಂದು. ತಲೆಯ ಮೇಲೆಯೇ ತಂತಿಯು ಹಾದುಹೋಗುತ್ತಿದ್ದ ಹಳ್ಳಿಗಳಲ್ಲಿಯೂ ಬಹುಕಾಲ ಬುಡ್ಡಿದೀಪವೇ ಉರಿಯಿತು. ಕಾವೇರಿಯಿಂದ ದೂರವಿದ್ದ ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯ ಹಳ್ಳಿಗಳೂ ತಮ್ಮ ಸರದಿಗಾಗಿ ಕಾದುವು. ಅಂದು ಬೆಳಕಿಗಾಗಿ ಕಾದ ಈ ಸೀಮೆಯ ಬೆಟ್ಟಸಾಲುಗಳ ಮೇಲೆ ಇಂದು ಗಾಳಿಯಂತ್ರಗಳು ತಿರುಗುತ್ತ, ಹೊರಗಿನವರಿಗೂ ಶಕ್ತಿಯನ್ನು ಒದಗಿಸುತ್ತಿವೆ.

ಹಳೆಯ ಉಪಕರಣಗಳ ಗತಿಯೇನು? ತಾಮ್ರವು ತೂಕಕ್ಕೆ ಮಾರಿಹೋಗುವುದು. ಪಿಂಗಾಣಿಗೆ ಬೆಲೆಯಿಲ್ಲವೆಂದು ತಿಪ್ಪೆಯ ಪಾಲಾಗುವುದು. ಶಾಸನದ ಕಲ್ಲು ಒಡೆದರೆ ಮರುಗುವ ನಾವು ಇದನ್ನು ನೋಡಿಯೂ ಸುಮ್ಮನಿದ್ದೇವೆ. ದುರ್ಗದ ವಸ್ತುಸಂಗ್ರಹಾಲಯದಲ್ಲಿ ಒಂದು ಮೂಲೆಯನ್ನು ಇವಕ್ಕೆ ಬಿಟ್ಟುಕೊಟ್ಟರೆ ಆಗುವ ವೆಚ್ಚವು ಅಲ್ಪ. ಗುಜರಿಯವನ ಗಾಡಿ ಬರುವ ಮುನ್ನ ಊರೂರಿನ ಹಿರಿಯರೂ ಉಪಾಧ್ಯಾಯರೂ ಒಂದೊಂದು ಬಟ್ಟಲನ್ನು, ಒಂದೊಂದು ಮೀಟರನ್ನು ಎತ್ತಿಟ್ಟು, ಅದು ಯಾವ ಊರಿನದೆಂದು ಚೀಟಿ ಬರೆದು ಅಂಟಿಸಿದರೆ, ಆ ಮೂಲೆಯು ತುಂಬುವುದು ತಡವಾಗದು.